ಚೆಂಡಿಲ್ಲದೆ ಆಡಿದ ನಾಲ್ಕು ಸಂಜೆ

ಆ ವರ್ಷ ನಾವು ಆಡಿದ ಮೂರು ಮ್ಯಾಚುಗಳಲ್ಲೂ ಸೋತಿದ್ದೆವು. ಸಿದ್ದಾಪುರದವರಿಗೆ ಎರಡು ಸಲ, ಯಲ್ಲಾಪುರದವರಿಗೆ ಒಂದು ಸಲ. ಸೋಲಿಗಿಂತ ದೊಡ್ಡ ನಾಚಿಕೆಯೆಂದರೆ ಮೂರರಲ್ಲೂ ಸೇರಿ ಒಂದೇ ಒಂದು ಗೋಲನ್ನೂ ಹೊಡೆದಿರಲಿಲ್ಲ. ಶಿರಸಿ ಪೇಟೆಯಲ್ಲಿ ಕಂಡವರೆಲ್ಲ ನನ್ನನ್ನು ನಿಲ್ಲಿಸಿ, "ಮಾಸ್ತರೇ, ಗೋಲು ಅಂದ್ರೆ ದುಂಡಗಿರ್ತದೋ ಚೌಕ ಇರ್ತದೋ? ನಾವು ನೋಡೇ ಇಲ್ಲ" ಎನ್ನುತ್ತಿದ್ದರು. ನಾನು ನಕ್ಕು ಮುಂದೆ ಹೋಗುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಚುಚ್ಚುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡೋ ಮೂರೋ ವರ್ಷ ಮೊದಲಿನ ಮಾತು. ನನಗಾಗ ಇಪ್ಪತ್ಮೂರು. ಮಂಚಿಕೇರಿ ಹತ್ತಿರದ ಹಳ್ಳಿಯವನಾದ ನಾನು ಶಿರಸಿಯ ಕನ್ನಡ ಶಾಲೆಗೆ ಮಾಸ್ತರನಾಗಿ ಬಂದು ಒಂದೂವರೆ ವರ್ಷವಾಗಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಧೋತರ ಬಿಚ್ಚಿಟ್ಟು, ಚಡ್ಡಿ ಹಾಕಿಕೊಂಡು ಮೈದಾನಕ್ಕೆ ಓಡುವುದೇ ನನ್ನ ದಿನದ ಸುಖ. ಟೀಮಿನಲ್ಲಿ ನಾನು ಬಲಗಡೆಯ ಬ್ಯಾಕು. ಗೋಲಿನಲ್ಲಿ ನಿಲ್ಲುತ್ತಿದ್ದವರು ನಮ್ಮ ಕ್ಯಾಪ್ಟನ್. ಶಿರಸಿ–ಯಲ್ಲಾಪುರ ನಡುವೆ ಓಡುವ ಮೋಟಾರಿನ ಡ್ರೈವರ್. ಆರಡಿ ಎತ್ತರದ ಸಾಬರು, ಕೈ ಚಾಚಿದರೆ ಅರ್ಧ ಗೋಲು ಮುಚ್ಚುತ್ತಿತ್ತು. ಉಳಿದವರಲ್ಲಿ ಒಬ್ಬ ಪೋಸ್ಟಿನವ, ಇಬ್ಬರು ಮಾಮಲೇದಾರ ಕಚೇರಿಯ ಗುಮಾಸ್ತರು, ಇಸಳೂರಿನಿಂದ ನಡೆದು ಬರುತ್ತಿದ್ದ ಅಣ್ಣತಮ್ಮಂದಿರು, ಹೀಗೆ. ಎಲ್ಲರೂ ಬರಿಗಾಲಿನವರೇ.

ಇವರೆಲ್ಲರನ್ನು ಒಟ್ಟು ಮಾಡಿದವರು ಒಬ್ಬ ದರ್ಜಿ. ಊರಿಗೆಲ್ಲ ಅವರು 'ಅಣ್ಣ'. ಹರೆಯದಲ್ಲಿ ಬೆಳಗಾವಿಗೆ ಹೋಗಿ, ದಂಡಿನವರ ಬಟ್ಟೆ ಹೊಲಿಯುವ ಅಂಗಡಿಯಲ್ಲಿದ್ದು, ಅಲ್ಲಿ ಗೋರಾ ಸಿಪಾಯಿಗಳ ಆಟ ನೋಡುತ್ತ ನೋಡುತ್ತ ತಾವೂ ಕಲಿತವರು. ಊರಿಗೆ ಮರಳುವಾಗ ಒಂದು ಹೊಲಿಗೆ ಮಿಶನ್ನು, ಒಂದು ಚರ್ಮದ ಚೆಂಡು ತಂದರು. ನಮ್ಮಲ್ಲಿ ಯಾರೂ ಅದಕ್ಕೆ ಮೊದಲು ಅಂಥ ಚೆಂಡು ಮುಟ್ಟಿದವರಲ್ಲ. ಬ್ಲ್ಯಾಡರಿಗೆ ಗಾಳಿ ತುಂಬುವುದು, ಬಾಯಿ ಕಟ್ಟುವುದು, ಚರ್ಮಕ್ಕೆ ಎಣ್ಣೆ ತಿಕ್ಕುವುದು, ಕಾಲಿನ ಯಾವ ಭಾಗದಿಂದ ಒದೆಯಬೇಕು ಎಂಬುದು, ಎಲ್ಲ ಅವರು ಹೇಳಿಕೊಟ್ಟದ್ದೇ. ಅವರು ಆಡುತ್ತಿದ್ದುದು ನಡುವೆ, ಎಲ್ಲರಿಗಿಂತ ಮುಂದೆ. ನಾನು ಸೇರುವ ಹೊತ್ತಿಗೆ ಅವರಿಗೆ ನಲವತ್ತೈದು ದಾಟಿತ್ತು.

ಮೂರು ಊರಿನವರೂ ಮಳೆ ಬಿಟ್ಟ ಮೇಲೆ, ಅಡಕೆ ಕೊಯ್ಲು ಜೋರಾಗುವುದರೊಳಗೆ, ಒಬ್ಬರ ಊರಿಗೊಬ್ಬರು ಹೋಗಿ ಆಡುವುದು ಪದ್ಧತಿ. ಆ ಸಲ ಕೊನೆಯ ಮ್ಯಾಚು ನಮ್ಮ ಊರಲ್ಲೇ, ಯಲ್ಲಾಪುರದವರ ಜೊತೆ. ಅದಕ್ಕೆ ಹತ್ತು ದಿನ ಇರುವಾಗ ಒಂದು ಕಾಗದ ಬಂತು. ಯಲ್ಲಾಪುರ, ಸಿದ್ದಾಪುರದವರು ಸೇರಿ ಬರೆದದ್ದು. ಬಹಳ ಮರ್ಯಾದೆಯ ಭಾಷೆ. ವಾರಕ್ಕೊಂದೇ ರಜೆ, ಅದನ್ನೂ ಬಿಟ್ಟು, ಮೋಟಾರು ಗೊತ್ತುಮಾಡಿಕೊಂಡು ಅಷ್ಟು ದೂರ ಬಂದಾಗ ಸರಿಸಮನಾದ ಆಟ ಸಿಗಬೇಕೆಂಬುದು ತಮ್ಮ ಆಸೆ ಎಂದು ಬರೆದಿದ್ದರು. ಈ ಮ್ಯಾಚು ನೋಡಿ, ಬರುವ ವರ್ಷ ಶಿರಸಿಯನ್ನು ಕರೆಯುವುದೋ ಬಿಡುವುದೋ ತೀರ್ಮಾನಿಸುತ್ತೇವೆ ಎಂದಿತ್ತು.

ಪೋಸ್ಟಿನವನೇ ಅದನ್ನು ತಂದು, ಅವನೇ ಓದಿದ. ಅಣ್ಣನ ಅಂಗಡಿಯ ಜಗುಲಿಯಲ್ಲಿ ಗದ್ದಲವೆದ್ದಿತು. ಎಲ್ಲರೂ ಒಟ್ಟಿಗೇ ಮಾತಾಡಿದರು.

ಗುಮಾಸ್ತರಲ್ಲಿ ಒಬ್ಬ, "ಹನ್ನೊಂದು ಜನವೂ ಮುಂದೆ ನುಗ್ಗೋದು. ಹೇಗೂ ಸೋಲ್ತೇವೆ, ನುಗ್ಗಿ ಸೋಲೋಣ" ಎಂದ. ಇನ್ನೊಬ್ಬ, "ಬೇಡ, ಎಲ್ಲರೂ ಗೋಲಿನ ಎದುರು ಗೋಡೆ ಹಾಗೆ ನಿಲ್ಲೋದು" ಎಂದ. ಇಸಳೂರಿನ ದೊಡ್ಡವ ದೇವಿಗೆ ಹರಕೆ ಹೊರೋಣ ಎಂದ. ಎದುರಿನ ಚಾದಂಗಡಿಯವರು ತಮ್ಮ ಗಲ್ಲಾಪೆಟ್ಟಿಗೆ ಬಿಟ್ಟು ಬಂದು, ಆಟದ ದಿನ ಯಾರಿಗೂ ಅನ್ನ ಕೊಡಬೇಡಿ, ಬರೀ ಬಾಳೆಹಣ್ಣು ಕೊಡಿ ಎಂದು ಸಲಹೆ ಮಾಡಿದರು. ಅಣ್ಣ ಮಿಶನ್ನಿನ ಎದುರು ಕೂತು ಎಲ್ಲ ಕೇಳಿ, ಕಡೆಗೆ, "ಚೆಂಡು ನನಗೆ ಸರಿಯಾಗಿ ಕಳಿಸಿ. ಉಳಿದದ್ದು ನಾ ನೋಡ್ಕೊಳ್ತೇನೆ" ಎಂದರು.

ಎಲ್ಲರೂ ತಲೆಯಾಡಿಸಿದೆವು. ಆದರೆ ಆ ಮಾತು ಬಂದಾಗ ಡ್ರೈವರ್ ಸಾಹೇಬರು ನನ್ನ ಮುಖ ನೋಡಿದರು. ನಾನೂ ಅವರ ಮುಖ ನೋಡಿದೆ.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ನಾನು ಊರಿಗೆ ಹೊರಟಾಗ ಅವರು ನನ್ನನ್ನು ಮುಂದೆ, ತಮ್ಮ ಪಕ್ಕದ ಸೀಟಿನಲ್ಲೇ ಕೂರಿಸಿಕೊಂಡರು. ಪೇಟೆ ದಾಟಿ ಕಾಡಿನ ರಸ್ತೆ ಹಿಡಿದ ಮೇಲೆ, ಕಣ್ಣು ರಸ್ತೆಯ ಮೇಲಿಟ್ಟುಕೊಂಡೇ ಕೇಳಿದರು:

"ಮಾಸ್ತರ್, ನೀವು ಹಿಂದೆ ನಿಂತು ಆಡೋರು. ನಿಮಗೂ ಕಂಡಿರಬೇಕು."

"ಕಂಡಿದೆ."

"ಏನು ಕಂಡಿದೆ, ಹೇಳಿ. ನಾ ಒಬ್ನೇ ತಪ್ಪು ತಿಳ್ಕೊಂಡಿದ್ದೇನೋ ಅಂತ ಹೆದ್ರಿಕೆ."

ನಾನು ಹೇಳಿದೆ. ನಾವು ಹತ್ತು ಜನರೂ ಚೆಂಡು ಸಿಕ್ಕಿದ ಕೂಡಲೇ ನೋಡುವುದು ಅಣ್ಣನ ಕಡೆ. ಅದು ಗೌರವವೋ ಅಭ್ಯಾಸವೋ, ಅವರಿಗೇ ಕಳಿಸುತ್ತೇವೆ. ಅವರ ಮೊಣಕಾಲು ಈಗ ಕೇಳುವುದಿಲ್ಲ, ತಿರುಗುವುದರೊಳಗೆ ಎದುರಿನವ ಚೆಂಡು ಕಿತ್ತುಕೊಂಡಿರುತ್ತಾನೆ. ಎರಡೂ ಊರಿನವರಿಗೆ ಇದು ಗೊತ್ತಾಗಿದೆ. ಅದಕ್ಕೇ ಅವರು ಬೇರೆ ಯಾರನ್ನೂ ಕಾಯುವುದೇ ಇಲ್ಲ.

"ಖರೇ," ಎಂದರು ಅವರು. "ಗೋಲಿನಲ್ಲಿ ನಿಂತವನಿಗೆ ಎಲ್ಲಾ ಕಾಣ್ತದೆ. ಮೂರು ತಿಂಗಳಿಂದ ನೋಡ್ತಾ ಇದ್ದೇನೆ. ಆದ್ರೆ ಅವರು ನನಗೆ ಉಸ್ತಾದ್. ನನ್ನ ಬಾಯಿಂದ ಈ ಮಾತು ಬರೋದಿಲ್ಲ. ನೀವು ಓದಿದವರು, ನಾಲ್ಕು ಮಾತು ಚಂದ ಮಾಡಿ ಹೇಳ್ತೀರಿ."

ಮಂಚಿಕೇರಿಯಲ್ಲಿ ಇಳಿಯುವಾಗ ನಾನು ಒಪ್ಪಿಕೊಂಡಾಗಿತ್ತು. ಇಳಿದ ಮೇಲೆ ಯಾಕಾದರೂ ಒಪ್ಪಿದೆನೋ ಎನ್ನಿಸಿತು. ಮನೆಯಲ್ಲಿ ಊಟಕ್ಕೆ ಕೂತವ ಅನ್ನ ಕಲಸುತ್ತಲೇ ಇದ್ದೆ. ಅಮ್ಮ ಬಡಿಸುತ್ತಿದ್ದವಳು ನೋಡಿ, "ಎಂತ ಆಜು ನಿಂಗೆ? ಮೋರೆ ಸಣ್ಣ ಮಾಡ್ಕಂಡು ಕೂತ್ಯಲ" ಎಂದಳು. ಸಂಗತಿ ಹೇಳಿದೆ. ಅವಳಿಗೆ ಆಟದ ತಲೆಬುಡ ತಿಳಿಯದು. ಆದರೂ, "ಆನು ಹೇಳ್ತೆ ಕೇಳು. ಹೇಳೂದಿದ್ರೆ ಎದ್ರಿಗೇ ಹೇಳು. ಬೇರೆಯವ್ರ ಬಾಯಿಂದ ಕೇಳಿರೆ ಆ ಮನುಷ್ಯಂಗೆ ಇನ್ನೂ ಬೇಜಾರು" ಎಂದು ಸಾರು ಬಡಿಸಿ ಒಳಗೆ ಹೋದಳು.

ಸೋಮವಾರ ಶಾಲೆ ಬಿಟ್ಟದ್ದೇ ಅಂಗಡಿಗೆ ಹೋದೆ. ಅಣ್ಣ ಒಬ್ಬರೇ ಇದ್ದರು, ಯಾರದೋ ಕೋಟಿನ ತೋಳು ಕೂಡಿಸುತ್ತಿದ್ದರು. ಹಿಂದಿನ ವಾರ ಚೆಂಡಿನ ಹೊಲಿಗೆ ಬಿಟ್ಟಿತ್ತು. ಅದು ರಿಪೇರಿಗೆಂದು ಅವರ ಕತ್ತರಿ ಮೇಜಿನ ಕೆಳಗೆ, ಗಾಳಿ ಬಿಟ್ಟು ಚಪ್ಪಟೆಯಾಗಿ ಬಿದ್ದಿತ್ತು.

"ಏನು ಮಾಸ್ತರ, ಅಂಗಿ ಹರಿಯಿತೋ?"

"ಇಲ್ಲ ಅಣ್ಣ. ಸುಮ್ಮನೆ ಬಂದೆ."

"ಸುಮ್ಮನೆ ಬಂದವ ಹೀಗೆ ಬಾಗಿಲಲ್ಲಿ ನಿಲ್ಲೋದಿಲ್ಲ. ಕೂತ್ಕೋ."

ಕೂತೆ. ಚಂದ ಮಾಡಿ ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. ಅವರ ಆಟ ಹೊಗಳಿದೆ, ಬೆಳಗಾವಿಯ ಕತೆ ಕೇಳಿದೆ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತೀರಾ ಎಂದು ವಿಚಾರಿಸಿದೆ. ಅವರು ಮಿಶನ್ನು ತುಳಿಯುತ್ತಲೇ, "ಸುತ್ತು ಬಳಸಬೇಡ" ಎಂದರು.

"ಅಣ್ಣ, ಈ ಭಾನುವಾರ ನೀವು ಆಡಬಾರದು ಅಂತ ನನಗೆ ಅನ್ನಿಸ್ತದೆ."

ಮಿಶನ್ನು ನಿಂತಿತು.

"ನಿನಗೊಬ್ಬನಿಗೇ ಅನ್ನಿಸ್ತದೋ, ಎಲ್ಲರಿಗೂ ಅನ್ನಿಸ್ತದೋ?"

"ನನಗೆ. ಬೇರೆಯವರದ್ದು ನನಗೆ ಗೊತ್ತಿಲ್ಲ."

"ಸುಳ್ಳು ಹೇಳ್ಲಿಕ್ಕೂ ಬರೋದಿಲ್ಲ ನಿನಗೆ." ಅವರು ಎದ್ದು ನಿಂತರು. ಏಳುವಾಗ ಮೇಜಿಗೆ ಕೈ ಊರಿದ್ದು ಕಂಡು ನಾನು ಮುಖ ತಿರುಗಿಸಿದೆ. "ಮಾಸ್ತರ, ಚೆಂಡಿಗೆ ಹೆಬ್ಬೆರಳು ತಾಗಿಸಿ ಉಗುರು ಕಿತ್ತುಕೊಂಡು ಅಳ್ತಾ ಕೂತಿದ್ದೆಯಲ್ಲ, ಆವತ್ತು ನಿನ್ನ ಕಾಲು ಹಿಡಿದು ಒದೆಯೋದು ಕಲಿಸಿದವ ಯಾರು?"

"ನೀವೇ ಅಣ್ಣ."

"ಹ್ಞೂಂ. ಹೋಗು."

ಹೊರಗೆ ಬಂದೆ. ಎದುರಿನ ಚಾದಂಗಡಿಯವರು ಏನೋ ಕೇಳಿದರು. ಏನು ಕೇಳಿದರು, ನಾನು ಏನು ಹೇಳಿದೆ, ಈಗ ನೆನಪಿಲ್ಲ.

ಮರುದಿನ ಸಂಜೆ ಎಲ್ಲರೂ ಮೈದಾನಕ್ಕೆ ಬಂದೆವು, ಅಣ್ಣ ಬರಲಿಲ್ಲ. ಚೆಂಡೂ ಬರಲಿಲ್ಲ. ಊರಿಗೆಲ್ಲ ಇದ್ದದ್ದು ಅದೊಂದೇ ಚೆಂಡು. ಹೋಗಿ ಕೇಳುವ ಧೈರ್ಯ ಯಾರಿಗೂ ಇಲ್ಲ. ಇಸಳೂರಿನ ಅಣ್ಣತಮ್ಮಂದಿರು ವಾಪಸು ಹೊರಟೇಬಿಟ್ಟಿದ್ದರು. ಡ್ರೈವರ್ ಸಾಹೇಬರು ಕೂಗಿ ನಿಲ್ಲಿಸಿದರು.

"ಚೆಂಡು ಇಲ್ಲದಿದ್ರೆ ಬೇಡ. ಇದೆ ಅಂತ ತಿಳ್ಕೊಂಡು ಆಡೋಣ. ನಾನು ಮಾಸ್ತರಿಗೆ ಕೊಟ್ಟೆ. ಮಾಸ್ತರು ಯಾರಿಗೆ ಕೊಡ್ತಾರೋ ಅವರ ಹೆಸರು ಕೂಗ್ಬೇಕು. ಅವರು ಮುಂದಿನವರ ಹೆಸರು ಕೂಗ್ಬೇಕು. ಕೂಗಿದವನ ಕಡೆ ಎಲ್ಲರೂ ಓಡ್ಬೇಕು."

ನಾನು ಇಲ್ಲದ ಚೆಂಡನ್ನು ಒದ್ದು, "ಅಣ್ಣ!" ಎಂದು ಕೂಗಿದೆ.

ಎಲ್ಲರೂ ನಿಂತುಬಿಟ್ಟರು. ಮತ್ತೆ ಶುರು ಮಾಡಿದೆವು. ಈಗ ಪೋಸ್ಟಿನವನ ಸರದಿ. ಅವನೂ "ಅಣ್ಣ!" ಎಂದ. ಮೂರನೆಯ ಸಲ ಗುಮಾಸ್ತ ಕೂಗಿದ್ದೂ ಅದನ್ನೇ. ಯಾರೂ ಬೇಕೆಂದು ಕೂಗಿದ್ದಲ್ಲ. ಬಾಯಿಗೆ ಬೇರೆ ಹೆಸರು ಬರುತ್ತಲೇ ಇರಲಿಲ್ಲ. ಮೈದಾನದ ನಡುವಿನ ಖಾಲಿ ಜಾಗವನ್ನು ನೋಡಿಕೊಂಡು ನಾವೆಲ್ಲ ನಿಂತೆವು. ತಪ್ಪು ಮೊಣಕಾಲಿನದು ಎಂದುಕೊಂಡಿದ್ದ ನನಗೆ ಆಗ ತಿಳಿಯಿತು, ಸೋಲಿನ ಭಾರವನ್ನು ಇಡೀ ಟೀಮು ಒಬ್ಬ ಮನುಷ್ಯನ ಮೊಣಕಾಲಿನ ಮೇಲೆ ಹೇರಿ ಕೂತಿತ್ತು ಎಂದು.

ಕತ್ತಲಾಗುವ ಹೊತ್ತಿಗೆ ಬೇರೆ ಹೆಸರುಗಳು ಬಂದವು. "ಪೋಸ್ಟ್!" "ಇಸಳೂರು!" "ಕಚೇರಿ!" ಎಂದು ಕೂಗುತ್ತ, ಇಲ್ಲದ ಚೆಂಡಿನ ಹಿಂದೆ ಹತ್ತು ಜನ ಓಡಿದೆವು.

ಪೇಟೆಯವರಿಗೆ ಇದಕ್ಕಿಂತ ಮೋಜು ಬೇಕೇ? ಮರುದಿನ ಮೈದಾನದ ಸುತ್ತ ಜನವೋ ಜನ. ರಸ್ತೆಬದಿಗೆ ಒಂದು ಎತ್ತಿನ ಗಾಡಿ ನಿಂತಿತ್ತು. ಎಕ್ಕಂಬಿಯಿಂದ ಸೌದೆ ತರುವ ಗಾಡಿಯವ, ಇಪ್ಪತ್ತರ ಆಸುಪಾಸಿನ ತೆಳ್ಳಗಿನ ಆಳು, ಗಾಡಿಯ ಮುಂದಿನ ಮೂಕಿಮರದ ಮೇಲೆ ಕೂತು ಬಿದ್ದು ಬಿದ್ದು ನಗುತ್ತಿದ್ದ.

"ಚೆಂಡ ಇಲ್ಲದ ಆಡಾಕತ್ತೀರಲ್ರೀ, ಇದೇನ್ ದೆವ್ವದ ಆಟ ಏನ್ರೀ?"

"ನಗೋದು ಸುಲಭ. ಬಾ, ನೀನೂ ಓಡು ನೋಡುವಾ" ಎಂದರು ಡ್ರೈವರ್ ಸಾಹೇಬರು, ಸಿಟ್ಟಿನಿಂದಲೇ.

ಅವನು ನಿಜವಾಗಿಯೂ ಇಳಿದು ಬಂದ. ಧೋತರ ಎತ್ತಿ ಕಟ್ಟಿ ಓಡಿದ. ಆ ಓಟ ನಾನು ಮರೆಯುವ ಹಾಗಿಲ್ಲ. ದೀಪಾವಳಿಗೆ ಹೋರಿ ಬೆದರಿಸುವ ಊರಿನವರ ಓಟ ಅದು. ನೇರ ಹೋಗುತ್ತಿದ್ದವ ಗಕ್ಕನೆ ಪಕ್ಕಕ್ಕೆ ಹೊರಳಿದರೆ ಹಿಂದಿನವ ಎತ್ತಲೋ ಹೋಗಿರುತ್ತಿದ್ದ. ಗುರುವಾರವೂ ಬಂದ, ಶುಕ್ರವಾರವೂ ಬಂದ. ನಾವು "ಗಾಡಿ!" ಎಂದು ಕೂಗುವುದನ್ನು ಕಲಿತೆವು. ಹನ್ನೊಂದನೆಯವ ಸಿಕ್ಕಿದ ಎಂದು ಎಲ್ಲರಿಗೂ ಅನ್ನಿಸಿತು. ಆದರೆ ಅವನು ಆ ತನಕ ಚೆಂಡನ್ನು ಒಮ್ಮೆಯೂ ಒದ್ದಿರಲಿಲ್ಲ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಶನಿವಾರ ಸಂಜೆ ನಾವು ಹೋಗುವಾಗ ಅಣ್ಣ ಮೈದಾನದಲ್ಲಿ ನಿಂತಿದ್ದರು. ಕಂಕುಳಲ್ಲಿ ಚೆಂಡು. ಹೊಸ ಹೊಲಿಗೆ, ಎಣ್ಣೆ ತಿಕ್ಕಿ ತಿಕ್ಕಿ ಕಪ್ಪಗೆ ಮಿರುಗುತ್ತಿತ್ತು. ನಾವು ಹತ್ತಿರ ಹೋಗಲು ಹೆದರಿ ಸ್ವಲ್ಪ ದೂರದಲ್ಲೇ ನಿಂತೆವು.

"ನಾಲ್ಕು ದಿನದಿಂದ ನೋಡ್ತಾ ಇದ್ದೇನೆ," ಎಂದರು. ಚಾದಂಗಡಿಯ ಹಿತ್ತಿಲಿನಿಂದ ಮೈದಾನ ಕಾಣುತ್ತದೆ; ಅಲ್ಲಿಂದ ನೋಡಿದ್ದರಂತೆ. "ನಾಳೆ ನಾನು ಆಡೋದಿಲ್ಲ. ಯಾರೂ ಏನೂ ಮಾತಾಡೋದು ಬೇಡ. ಆದ್ರೆ ಆ ಗಾಡಿಯವನನ್ನ ನಡುವೆ ನಿಲ್ಲಿಸಿದ್ದೀರಲ್ಲ, ಅದು ತಪ್ಪು. ನಡುವೆ ನಿಂತವನನ್ನ ಯಲ್ಲಾಪುರದವರು ಇಬ್ಬರು ಕಾಯ್ತಾರೆ. ಇವ ರಸ್ತೆ ಅಂಚಿಗೆ ನಿಲ್ಲಲಿ. ನೆಲ ಆ ಕಡೆ ಇಳಿಜಾರು, ಚೆಂಡು ತಾನಾಗೇ ಅವನ ಹತ್ತಿರ ಉರುಳ್ತದೆ. ಮತ್ತೆ, ಗೆಲ್ಲೋ ಮಾತು ಬಿಡಿ. ಒಂದು ಗೋಲು. ಅಷ್ಟಕ್ಕೇ ಆಡಿ."

ಚೆಂಡನ್ನು ಗಾಡಿಯವನ ಕಾಲ ಬುಡಕ್ಕೆ ಹಾಕಿದರು. ಅವನು ಒದ್ದ. ಚೆಂಡು ಅವನ ಹಿಂದಕ್ಕೆ, ರಸ್ತೆ ದಾಟಿ, ಮೇಯುತ್ತಿದ್ದ ಅವನ ಎತ್ತಿನ ಹತ್ತಿರ ಹೋಗಿ ಬಿತ್ತು. ಅಣ್ಣ ನಗಲಿಲ್ಲ. ಕುಂಟುತ್ತ ಹೋಗಿ ತಾವೇ ಚೆಂಡು ತಂದರು. "ಬೇರೆ ಏನೂ ಕಲೀಬೇಡ. ಒಂದೇ ಏಟು ಕಲಿ" ಎಂದು, ನೆಲದಲ್ಲಿ ಕೂತು ಅವನ ಪಾದ ಹಿಡಿದು ತಿರುಗಿಸಿ, ಪಾದದ ಒಳಮೈಗೆ ಚೆಂಡು ತಾಗಿಸಿ ತೋರಿಸಿದರು. ಅವನಿಗೆ ಹಿರಿಯರು ತನ್ನ ಕಾಲು ಮುಟ್ಟುತ್ತಾರೆಂದು ಸಂಕೋಚ. "ಬಿಡ್ರಿ ಅಣ್ಣಾರ, ಬ್ಯಾಡ್ರಿ" ಎನ್ನುತ್ತಲೇ ಇದ್ದ. ಅವರು ಬಿಡಲಿಲ್ಲ. ಕಣ್ಣು ಕಾಣುವ ತನಕ ಅದೊಂದೇ ಏಟು ಹೊಡೆಸಿದರು.

ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಭಾನುವಾರ ಯಲ್ಲಾಪುರದವರು ನಮ್ಮ ಕ್ಯಾಪ್ಟನ್ ಓಡಿಸುವ ಮೋಟಾರಿನಲ್ಲೇ ಬಂದಿಳಿದರು. ಅವರ ಕ್ಯಾಪ್ಟನ್ ಜಂಗಲ್ ಖಾತೆಯ ಗುಮಾಸ್ತ, ಗಂಭೀರ ಮನುಷ್ಯ. ಇಳಿದವನೇ ಸುತ್ತ ಕಣ್ಣಾಡಿಸಿ, "ದರ್ಜಿಯವರು ಆಡೋದಿಲ್ವೋ?" ಎಂದು ಕೇಳಿದ. ಇಲ್ಲ ಎಂದಾಗ ಅವನ ಮುಖದಲ್ಲಿ ಸಣ್ಣ ಗಲಿಬಿಲಿ ಕಂಡಿತು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ನಾನು ಕೆಟ್ಟ ತಪ್ಪು ಮಾಡಿದೆ. ಚೆಂಡು ಕಾಲಿಗೆ ಬಂದಾಗ, ಚಟ ಎಲ್ಲಿ ಹೋಗಬೇಕು, ನೋಡದೆಯೇ ನಡುವೆ ಕಳಿಸಿದೆ. ಅಲ್ಲಿ ನಮ್ಮವರು ಯಾರೂ ಇರಲಿಲ್ಲ. ಯಲ್ಲಾಪುರದವ ಅದನ್ನು ಹಿಡಿದು ನೇರ ಬಂದು ಗೋಲು ಹೊಡೆದ. ಡ್ರೈವರ್ ಸಾಹೇಬರು ನೆಲದಿಂದ ಎದ್ದು ಮೈ ಕೊಡವಿಕೊಂಡು, "ಪರ್ವಾ ಇಲ್ಲ ಮಾಸ್ತರ್, ಹೆಸರು ಕೂಗಿ, ಹೆಸರು ಕೂಗಿ" ಎಂದರು. ಆಮೇಲೆ ಕೂಗತೊಡಗಿದೆವು. ಚೆಂಡು ಇದ್ದಾಗಲೂ ಇಲ್ಲದಾಗಿನ ಹಾಗೆಯೇ, ಗಂಟಲು ಹರಿಯುವಂತೆ. ಆಟ ನಮ್ಮ ಕೈಗೆ ಒಂದಿಷ್ಟು ಬಂತು. ಅರ್ಧ ಆಟ ಮುಗಿಯುವ ತನಕ ಎರಡನೆಯ ಗೋಲು ಆಗಗೊಡಲಿಲ್ಲ.

ಬಿಡುವಿನಲ್ಲಿ ಅಣ್ಣ ಬೆಲ್ಲದ ನೀರಿನ ಕೊಡ ಹಿಡಿದು ಬಂದರು. ಎಲ್ಲರಿಗೂ ಲೋಟ ಕೊಟ್ಟು ಕಡೆಗೆ ನನ್ನ ಹತ್ತಿರ ಬಂದು, "ರಸ್ತೆ ಕಡೆ ನೋಡು," ಎಂದರು. ಸೋಮವಾರದಿಂದೀಚೆ ಅವರು ನನ್ನ ಜೊತೆ ಆಡಿದ ಮಾತು ಅದೊಂದೇ.

ಆಟ ಮುಗಿಯಲು ಇನ್ನು ಸ್ವಲ್ಪವೇ ಉಳಿದಿತ್ತು. ಚೆಂಡು ನನಗೆ ಬಂತು. ನೋಡಿದೆ. ರಸ್ತೆ ಅಂಚಿನಲ್ಲಿ ಗಾಡಿಯವ ಒಬ್ಬನೇ, ಸುತ್ತ ಯಾರೂ ಇಲ್ಲ. "ಗಾಡಿ!" ಎಂದು ಕೂಗಿ ಇದ್ದಬದ್ದ ಶಕ್ತಿಯಿಂದ ಒದ್ದೆ. ಚೆಂಡು ಬಿದ್ದು, ಇಳಿಜಾರಿಗೆ ಉರುಳಿ, ಅವನ ಮುಂದೆ ಹೋಯಿತು. ಒಬ್ಬ ಅಡ್ಡ ಬಂದ; ಇವ ಗಕ್ಕನೆ ಹೊರಳಿದ. ಆಮೇಲೆ ಆ ಒಂದೇ ಏಟು. ಜೋರಾಗಿ ಕೂಡ ಅಲ್ಲ. ಯಲ್ಲಾಪುರದ ಗೋಲ್‌ಕೀಪರನ ಕಾಲ ಪಕ್ಕದಿಂದ ಚೆಂಡು ನಿಧಾನಕ್ಕೆ ಉರುಳಿಕೊಂಡು ಒಳಗೆ ಹೋಯಿತು.

ಗೋಲು ಆಯಿತೆಂದು ನಮ್ಮ ಊರಿನವರಿಗೆ ನಂಬಿಕೆಯೇ ಇಲ್ಲ. ಮರುಗಳಿಗೆ ಇಡೀ ಪೇಟೆ ಮೈದಾನಕ್ಕೆ ನುಗ್ಗಿತು. ಚಾದಂಗಡಿಯವರು ಗಾಡಿಯವನನ್ನು ಹೆಗಲ ಮೇಲೆ ಎತ್ತಿಕೊಂಡರು. ಜನರನ್ನು ಹೊರಗೆ ಕಳಿಸಿ ಆಟ ಮತ್ತೆ ಶುರುಮಾಡುವಷ್ಟರಲ್ಲಿ ನಮಗೆ ಉಸಿರೂ ಇರಲಿಲ್ಲ, ಧ್ಯಾನವೂ ಇರಲಿಲ್ಲ. ಯಲ್ಲಾಪುರದವರು ಸದ್ದಿಲ್ಲದೆ ಇನ್ನೊಂದು ಗೋಲು ಹೊಡೆದು ಗೆದ್ದರು. ಆ ವರ್ಷ ನಾಲ್ಕಕ್ಕೆ ನಾಲ್ಕೂ ಸೋತಂತಾಯಿತು.

ಆದರೆ ಅವರ ಕ್ಯಾಪ್ಟನ್ ಮೋಟಾರು ಹತ್ತುವ ಮೊದಲು ನಮ್ಮ ಡ್ರೈವರ್ ಸಾಹೇಬರ ಕೈ ಹಿಡಿದು, "ಬರುವ ವರ್ಷ ಮೊದಲ ಮ್ಯಾಚು ನಮ್ಮ ಊರಲ್ಲಿ. ಆ ಗಾಡಿಯವನ ಹೊರಳಾಟಕ್ಕೆ ಮದ್ದು ಹುಡುಕಿ ಇಟ್ಟಿರ್ತೇವೆ" ಎಂದ. ಮೊದಲ ಸಲ ಅವನು ನಕ್ಕದ್ದು ನೋಡಿದೆ.

ಗೋಲಾದ ಗಳಿಗೆಯಲ್ಲಿ ನಾನು ಅಣ್ಣನ ಕಡೆ ನೋಡಿದ್ದೆ. ಅವರು ಕುಣಿಯಲಿಲ್ಲ. ಜನರಿಗೆ ಬೆನ್ನು ಹಾಕಿ, ನಾವು ಬಿಚ್ಚಿಟ್ಟ ಅಂಗಿಗಳನ್ನು ಒಂದೊಂದಾಗಿ ಮಡಚುತ್ತಿದ್ದರು. ಎಲ್ಲರೂ ಹೋದ ಮೇಲೆ ನನ್ನ ಅಂಗಿ ಕೊಡುತ್ತ ಹೇಳಿದರು:

"ನಾನು ಇದ್ದಿದ್ರೆ ನೀನು ಆ ಚೆಂಡು ನನಗೇ ಕಳಿಸ್ತಿದ್ದೆ. ಗೋಲು ಆಗ್ತಿರಲಿಲ್ಲ."

ನಾನು ಅಂಗಿ ತೊಟ್ಟು ಗುಂಡಿ ಹಾಕತೊಡಗಿದೆ.

"ನೀ ಹೇಳಿದ್ದು ಸರಿಯೇ. ಆದ್ರೆ ಸರಿ ಅಂದ ಮಾತ್ರಕ್ಕೆ ನೋವು ಆಗೋದಿಲ್ಲ ಅಂತಲ್ಲ. ಮಾಸ್ತರಕಿ ಮಾಡೋ ಮನುಷ್ಯ, ಇದು ತಿಳಿದಿರ್ಬೇಕು ನಿನಗೆ," ಎಂದು ಚೆಂಡಿನ ಗಾಳಿ ಬಿಡುತ್ತ ಕೂತರು. ನಾನು ಪಕ್ಕದಲ್ಲಿ ಕೂತೆ. ಗಾಳಿ ಪೂರ್ತಿ ಹೋಗುವ ತನಕ ಇಬ್ಬರೂ ಸೇರಿ ಚೆಂಡನ್ನು ಅದುಮಿದೆವು.

ಮಳೆಗಾಲದ ಮೊದಲು ನನಗೆ ಸಿದ್ದಾಪುರಕ್ಕೆ ವರ್ಗವಾಯಿತು. ಅಲ್ಲಿನ ಟೀಮಿನವರು ನನ್ನನ್ನು ಬಿಡಲಿಲ್ಲ. ಮಳೆ ನಿಂತು ಶಿರಸಿಯವರು ಆಡಲು ಬಂದಾಗ ನಾನು ಎದುರು ಪಕ್ಷದ ಬ್ಯಾಕು. ಮೋಟಾರಿನಿಂದ ಮೊದಲು ಇಳಿದವರು ಅಣ್ಣ, ಕೊರಳಲ್ಲಿ ದಾರ ಕಟ್ಟಿದ ಸೀಟಿ. ಮೂರು ಊರಿನವರೂ ಒಪ್ಪಿ ಅವರನ್ನೇ ರೆಫರಿ ಮಾಡಿದ್ದರು. ತಮ್ಮ ಊರೆಂದು ಅವರು ಶಿರಸಿಗೆ ಒಲಿದಾರು ಎಂದು ಸಿದ್ದಾಪುರದವರಿಗೆ ಒಳಗೊಳಗೇ ಅನುಮಾನ. ಹಾಗೇನೂ ಆಗಲಿಲ್ಲ. ಶಿರಸಿಯವರ ಎರಡು ತಪ್ಪಿಗೆ ಸೀಟಿ ಊದಿದರು. ಆಮೇಲೆ ನಮ್ಮ ಗೋಲಿನ ಎದುರು ಗಾಡಿಯವ ಹೊರಳುವಾಗ ನಾನು ಅವನ ಅಂಗಿ ಹಿಡಿದು ಎಳೆದೆ. ಯಾರಿಗೂ ಕಾಣಲಿಲ್ಲವೆಂದುಕೊಂಡಿದ್ದೆ. ಅಣ್ಣ ಮೊಣಕಾಲು ಎಳೆದುಕೊಂಡು ಓಡಿಬಂದು, ಕಿವಿ ಹರಿಯುವ ಹಾಗೆ ಸೀಟಿ ಊದಿ, ಪೆನಾಲ್ಟಿ ಕೊಟ್ಟರು.

"ನಾನು ಎಳೀಲಿಲ್ಲ ಅಣ್ಣ!" ಎಂದೆ.

"ಅದೇ ಹೇಳಿದ್ದೆನಲ್ಲ, ನಿನಗೆ ಸುಳ್ಳು ಹೇಳ್ಲಿಕ್ಕೆ ಬರೋದಿಲ್ಲ," ಎಂದರು. ಎಲ್ಲರೂ ನಕ್ಕರು, ಆ ಕಡೆಯ ಗೋಲಿನಿಂದ ಡ್ರೈವರ್ ಸಾಹೇಬರ ದೊಡ್ಡ ನಗುವೂ ಕೇಳಿಸಿತು. ನಾನು ಪಕ್ಕಕ್ಕೆ ಸರಿದು ನಿಂತೆ. ಗಾಡಿಯವ ಚೆಂಡನ್ನು ನೆಲದ ಮೇಲೆ ಇಟ್ಟ.